ಸುಂಕ ಇಳಿಯಿತು, ಎಣ್ಣೆ ಟಿನ್ ಮಾತ್ರ ಇಳಿಯಲಿಲ್ಲ. ಯಾಕೆ?

ಚಕ್ಕುಲಿ ಅಕ್ಕ, ದಾವಣಗೆರೆ (2025ರ ಡಿಸೆಂಬರ್)
ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರುತ್ತೇನೆ. ಹನ್ನೊಂದು ವರ್ಷ ಆಯಿತು. ವಾರಕ್ಕೆ ಮೂರು ಟಿನ್ ಸನ್‌ಫ್ಲವರ್ ಎಣ್ಣೆ ಬೇಕು.

2024ರ ಗೌರಿ ಹಬ್ಬಕ್ಕೆ ಒಂದು ಟಿನ್ 1,700ಕ್ಕೆ ತಂದಿದ್ದೆ. ಹಬ್ಬ ಮುಗಿದ ಮುಂದಿನ ವಾರವೇ ಕೇಂದ್ರದವರು ಆಮದು ಸುಂಕ ಏರಿಸಿದರು. ಅಂಗಡಿಯವರು ಮರುದಿನವೇ ರೇಟ್ ಏರಿಸಿದರು. ದೀಪಾವಳಿಗೆ 2,050. ಈ ವರ್ಷ ಮೇ ಕೊನೆಗೆ ಸುಂಕ ಇಳಿಸಿದ್ದಾರೆ ಅಂತ ಟಿವಿಯಲ್ಲಿ ಬಂತು. ಖುಷಿಯಿಂದ ಫೋನ್ ಮಾಡಿದರೆ, "ಅಕ್ಕಾ, ಹಳೇ ಸ್ಟಾಕ್ ಇದೆ, ಹದಿನೈದು ದಿನ ತಡೀರಿ" ಅಂದರು. ಆರು ತಿಂಗಳು ತಡೆದೆ. ಈಗ ಟಿನ್ 2,250. ಕೇಳಿದರೆ "ಡಾಲರ್ 90 ಆಯ್ತಲ್ಲ" ಅನ್ನುತ್ತಾರೆ.

ನನಗೂ ಡಾಲರ್‌ಗೂ ಏನು ಸಂಬಂಧ? ಅಕ್ಕಿ ಇಲ್ಲಿಯದು, ಬೆಣ್ಣೆ ಇಲ್ಲಿಯದು, ಒತ್ತುವ ಕೈ ನನ್ನದು. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಚಕ್ಕುಲಿ ರೇಟ್ ಏರಿಸಿದರೆ ಗಿರಾಕಿ ಬೈಯುತ್ತಾರೆ, ಏರಿಸದಿದ್ದರೆ ನನಗೇ ಉಳಿಯುವುದಿಲ್ಲ.

ಸುಮ್ನೆ ನೋಡ್ತಿದ್ದೆ
ಏರುವಾಗ ಲಿಫ್ಟು, ಇಳಿಯುವಾಗ ಮೆಟ್ಟಿಲು. ಅಷ್ಟೇ ಅಕ್ಕಾ.

ಲೆಕ್ಕದ ಪುಸ್ತಕ
ನಮ್ಮ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಪಾಮ್ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ. ಸನ್‌ಫ್ಲವರ್ ರಷ್ಯಾ, ಉಕ್ರೇನ್, ಅರ್ಜೆಂಟೀನಾದಿಂದ. ವ್ಯಾಪಾರ ಎಲ್ಲಾ ಡಾಲರ್‌ನಲ್ಲಿ. ಹಾಗಾಗಿ ನಿಮ್ಮ ಬಾಣಲೆಗೂ ಡಾಲರ್‌ಗೂ ನೇರ ನಂಟು.

ಸುಂಕದ ಕಥೆ ಹೀಗಿದೆ. 2024ರ ಸೆಪ್ಟೆಂಬರ್ 14ರ ತನಕ ಕಚ್ಚಾ (ರಿಫೈನ್ ಆಗದ) ಅಡುಗೆ ಎಣ್ಣೆಗೆ ಎಲ್ಲಾ ಸೇರಿ 5.5% ಇತ್ತು. ಅವತ್ತು 27.5% ಮಾಡಿದರು. ಈ ವರ್ಷ ಮೇ 30ಕ್ಕೆ 16.5%ಗೆ ಇಳಿಸಿದರು. ಇಳಿಸಿದರು ನಿಜ, ಆದರೆ ಹಳೇ 5.5ಕ್ಕೆ ಬಂದಿಲ್ಲ. ಇದನ್ನು ಟಿವಿಯವರು ಹೇಳುವುದಿಲ್ಲ.

ಈಗ ಲೆಕ್ಕ. ಸುಲಭಕ್ಕೆ ಟನ್ ಕಚ್ಚಾ ಎಣ್ಣೆ 1,100 ಡಾಲರ್ ಅಂತ ಇಟ್ಟುಕೊಳ್ಳೋಣ. ಮೇ ತಿಂಗಳಲ್ಲಿ ಡಾಲರ್ ಸುಮಾರು 85.50. ಅಂದರೆ ಕೆಜಿಗೆ 94 ರೂಪಾಯಿ. 27.5% ಸುಂಕ ಸೇರಿದರೆ 120 ಹತ್ತಿರ. 16.5% ಆದರೆ 109.60. ಅಂದರೆ ಕೆಜಿಗೆ ಹತ್ತು ರೂಪಾಯಿ ಇಳಿಯಬೇಕಿತ್ತು. ಈಗ ಡಾಲರ್ 90. ಅದೇ ಎಣ್ಣೆ 99 ರೂಪಾಯಿ, ಸುಂಕ ಸೇರಿ 115.30. ಸುಂಕದಲ್ಲಿ ಸಿಕ್ಕ ಹತ್ತು ರೂಪಾಯಿಯಲ್ಲಿ ಆರು ರೂಪಾಯಿ ಹತ್ತಿರ ಡಾಲರ್ ತಿಂದು ಹಾಕಿತು. ಸುಂಕ ಶೇಕಡಾ ಲೆಕ್ಕದಲ್ಲಿ ಇರುವುದರಿಂದ ರೂಪಾಯಿ ಬಿದ್ದಾಗ ಸುಂಕದ ಮೊತ್ತವೂ ತಾನಾಗಿ ಏರುತ್ತದೆ. ಇದು ಹಲವರ ಗಮನಕ್ಕೆ ಬರುವುದಿಲ್ಲ.

ಚಕ್ಕುಲಿ ಅಕ್ಕ
ಆರು ಡಾಲರ್ ತಿಂದರೂ ನಾಲ್ಕು ಉಳಿಯಿತಲ್ಲ ಅಣ್ಣಾ. ಆ ನಾಲ್ಕು ಎಲ್ಲಿ?

ಸುಮ್ನೆ ನೋಡ್ತಿದ್ದೆ
ಅಕ್ಕನ ಪ್ರಶ್ನೆಗೆ ಉತ್ತರ ಕೊಡಿ ಮೊದಲು 😄

ಬಂದರು ಮಂದಿ, ಮಂಗಳೂರು
ನಾನು ಪಣಂಬೂರು ಬಂದರಿನಲ್ಲಿ ಕ್ಲಿಯರಿಂಗ್ ಕೆಲಸ ಮಾಡುವವನು. ಎಣ್ಣೆ ಹಡಗು ಬಂದರೆ ಕಾಗದಪತ್ರ ನಮ್ಮದು. ಮೇಲಿನ ಲೆಕ್ಕದಲ್ಲಿ ಎರಡು ತಿದ್ದುಪಡಿ.

ಒಂದು, ಪಾಮ್ ಎಣ್ಣೆ, ಕಚ್ಚಾ ಸೋಯಾ ಎಣ್ಣೆಯ ಸುಂಕವನ್ನು ಬಿಲ್ಲಿನಲ್ಲಿರುವ ರೇಟಿನ ಮೇಲೆ ಹಾಕುವುದಿಲ್ಲ (ಸನ್‌ಫ್ಲವರ್‌ಗೆ ಮಾತ್ರ ಬಿಲ್ಲಿನ ರೇಟೇ). ಸರ್ಕಾರ ಹದಿನೈದು ದಿನಕ್ಕೊಮ್ಮೆ ಒಂದು ಟ್ಯಾರಿಫ್ ವ್ಯಾಲ್ಯೂ (ಸುಂಕದ ಲೆಕ್ಕಕ್ಕೆ ತಾನೇ ನಿಗದಿ ಮಾಡಿದ ಬೆಲೆ) ಪ್ರಕಟಿಸುತ್ತದೆ, ಅದರ ಮೇಲೆ ಸುಂಕ. ಡಾಲರ್ ದರವೂ ಅಷ್ಟೇ, ಕಸ್ಟಮ್ಸ್‌ನವರು ಪ್ರಕಟಿಸಿದ್ದೇ ಲೆಕ್ಕ, ಅವತ್ತಿನ ಮಾರುಕಟ್ಟೆಯದ್ದಲ್ಲ. (ಅಡಿಕೆ, ಚಿನ್ನ, ಬೆಳ್ಳಿಗೂ ಇದೇ ಪದ್ಧತಿ.)

ಎರಡು, ನೀವು 1,100 ಡಾಲರ್ ಅಂತ ಗೂಟ ಹೊಡೆದು ಕೂರಿಸಿದಿರಿ. ಅದು ಎಲ್ಲಿ ಕೂರುತ್ತದೆ? ಕಳೆದ ವರ್ಷ ಉಕ್ರೇನ್, ರಷ್ಯಾ ಎರಡೂ ಕಡೆ ಸೂರ್ಯಕಾಂತಿ ಬೆಳೆ ಕಮ್ಮಿ. ಡಾಲರ್ ಲೆಕ್ಕದಲ್ಲೇ ಎಣ್ಣೆ ತುಟ್ಟಿ ಆಯಿತು. ಅಕ್ಕನ ನಾಲ್ಕು ರೂಪಾಯಿ ಅಲ್ಲೇ ಕಪ್ಪು ಸಮುದ್ರದಲ್ಲಿ ಮುಳುಗಿದೆ.

ಕಿರಾಣಿ ಅಂಗಡಿ, ರಾಣೆಬೆನ್ನೂರು
ಅಂಗಡಿಯವರನ್ನು ಬೈಯುವ ಮೊದಲು ನಮ್ಮ ಕಷ್ಟವನ್ನೂ ಕೇಳ್ರಿ. ನನ್ನ ಹತ್ತಿರ ನೂರು ಟಿನ್ ಹಳೇ ರೇಟಿನದು ಇದೆ ಅಂತ ಇಟ್ಟುಕೊಳ್ಳಿ. ರೇಟ್ ಏರಿತು. ಹಳೇ ರೇಟಿಗೇ ಮಾರಿದರೆ ಆ ದುಡ್ಡಿಗೆ ಮುಂದಿನ ಲೋಡಿನಲ್ಲಿ ನೂರು ಟಿನ್ ಬರುವುದಿಲ್ಲ, ಎಂಬತ್ತೈದು ಬರುತ್ತದೆ. ಹಾಗಾಗಿ ನಾವು ಮುಂದೆ ಕೊಳ್ಳುವ ರೇಟ್ ನೋಡಿ ಮಾರುತ್ತೇವೆ, ಹಿಂದೆ ಕೊಂಡ ರೇಟ್ ನೋಡಿ ಅಲ್ಲ.

ಮೇಷ್ಟ್ರು
ಸರಿ ಸ್ವಾಮಿ, ಒಪ್ಪಿದೆ. ಹಾಗಾದರೆ ಇಳಿದಾಗಲೂ ಮುಂದೆ ಕೊಳ್ಳುವ ರೇಟ್ ನೋಡಿಯೇ ಮಾರಬೇಕಲ್ಲ? ಆಗ ಮಾತ್ರ "ಹಳೇ ಸ್ಟಾಕ್ ಇದೆ" ಅನ್ನುತ್ತೀರಿ. ಯಾವುದಾದರೂ ಒಂದು ನ್ಯಾಯ ಇಟ್ಟುಕೊಳ್ಳಿ.

ಕಿರಾಣಿ ಅಂಗಡಿ, ರಾಣೆಬೆನ್ನೂರು
ಮೇಷ್ಟ್ರೇ, ನಷ್ಟಕ್ಕೆ ಯಾರು ಮಾರುತ್ತಾರೆ ಹೇಳ್ರಿ. ನೀವು ಸಂಬಳ ಕಮ್ಮಿ ತಗೋತೀರಾ?

ಲೆಕ್ಕದ ಪುಸ್ತಕ
ಇಲ್ಲಿ ಮೇಷ್ಟ್ರ ಕಡೆ ನ್ಯಾಯ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಸುಂಕ ಏರಿಸಿದ ಮೂರೇ ದಿನಕ್ಕೆ ಆಹಾರ ಇಲಾಖೆಯವರು ಎಣ್ಣೆ ಕಂಪನಿಗಳನ್ನು ಕರೆಸಿ ಮಾತಾಡಿದರು. ಕಡಿಮೆ ಸುಂಕದಲ್ಲಿ ತಂದ ಸುಮಾರು 30 ಲಕ್ಷ ಟನ್ ಎಣ್ಣೆ ದೇಶದಲ್ಲಿದೆ, 45ರಿಂದ 50 ದಿನಕ್ಕೆ ಸಾಕು, ಅದು ಮುಗಿಯುವ ತನಕ ಎಂಆರ್‌ಪಿ ಏರಿಸಬೇಡಿ ಅಂತ ಹೇಳಿದ್ದರು. ಆ 50 ದಿನದಲ್ಲಿ ಅಕ್ಕನ ಟಿನ್ ಎಷ್ಟು ಏರಿತು? 350 ರೂಪಾಯಿ. ಅದರಲ್ಲಿ ಬಹುಪಾಲು ಎಣ್ಣೆ ಹೊಸ ಸುಂಕವನ್ನು ಕಂಡೇ ಇರಲಿಲ್ಲ.

ತೊಗರಿ ಕಣಜ, ಕಲಬುರಗಿ
ನೀವೆಲ್ಲಾ ಸುಂಕ ಇಳಿಸಿ ಇಳಿಸಿ ಅಂತೀರಿ. ಸುಂಕ ಸೊನ್ನೆ ಮಾಡಿದರೆ ಏನಾಗುತ್ತದೆ ಅಂತ ನಮ್ಮನ್ನು ಕೇಳ್ರಿ.

ತೊಗರಿಗೆ ಆಮದು ಸುಂಕ ಇಲ್ಲ. ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್ ಎಲ್ಲಾ ಕಡೆಯಿಂದ ಬರುತ್ತದೆ. ಅದರ ಮೇಲೆ ಹಳದಿ ಬಟಾಣಿ. 2023ರ ಡಿಸೆಂಬರ್‌ನಿಂದ ಸುಂಕವಿಲ್ಲದೆ ಹಡಗು ಹಡಗೇ ಬಂತು. ತೊಗರಿಬೇಳೆ ತುಟ್ಟಿ ಆದಾಗ ಹೋಟೆಲಿನವರು ಸಾಂಬಾರಿಗೆ ಬಟಾಣಿ ಬೇಳೆ ಬೆರೆಸಲು ಕಲಿತರು, ಯಾರಿಗೂ ಗೊತ್ತಾಗುವುದಿಲ್ಲ. ಕಳೆದ ಹಂಗಾಮಿನಲ್ಲಿ ತೊಗರಿಗೆ ಬೆಂಬಲ ಬೆಲೆ ಕ್ವಿಂಟಾಲ್‌ಗೆ 7,550 ಇತ್ತು. ನಾನು ಎಪಿಎಂಸಿಗೆ ಒಯ್ದಾಗ ಅದಕ್ಕಿಂತ ಕಮ್ಮಿಗೆ ಕೂಗಿದರು. ಖರೀದಿ ಕೇಂದ್ರದಲ್ಲಿ ಪಾಳಿ ಹಚ್ಚಿದೆ, ಚೀಲ ಮನೆಯಾಗೇ ಉಳಿದವು. ಈ ವರ್ಷ ಬೆಂಬಲ ಬೆಲೆ 8,000 ಮಾಡಿದ್ದಾರೆ, ಬಟಾಣಿಗೆ ನವೆಂಬರ್‌ನಿಂದ 30% ಸುಂಕ ಹಾಕಿದ್ದಾರೆ. ನೋಡೋಣ.

ಬೆಂಗಳೂರಿನಲ್ಲಿ ಬೇಳೆ 200 ರೂಪಾಯಿ ಆದಾಗ ಟಿವಿಯಲ್ಲಿ ದಿನಾ ಬಂತು. ನಮ್ಮ ತೊಗರಿ ಬಿದ್ದಾಗ ಒಂದು ಗಂಟೆಯೂ ಬರಲಿಲ್ಲ.

ಗಾಣದ ಮನೆ, ಚಳ್ಳಕೆರೆ
ತೊಗರಿ ಅಣ್ಣನ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಮ್ಮ ಊರಿಗೆ ಎಣ್ಣೆ ನಗರ ಅಂತಲೇ ಹೆಸರು. ನಾನು ಚಿಕ್ಕವನಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಸಾಲಾಗಿ ಶೇಂಗಾ ಮಿಲ್ಲುಗಳು. ಬೆಳಿಗ್ಗೆ ಬೀದಿಯಲ್ಲಿ ಹಿಂಡಿಯ ವಾಸನೆ, ಬಟ್ಟೆಗೆಲ್ಲಾ ಎಣ್ಣೆ ಜಿಡ್ಡು. ಅಪ್ಪ ಒಂದು ಮಿಲ್ಲಿನಲ್ಲಿ ಗುಮಾಸ್ತ. ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದರೆ ಬೆಲ್ಲದ ಜೊತೆ ಬಿಸಿ ಹಿಂಡಿ ಚೂರು ಕೊಡುತ್ತಿದ್ದರು.

1986ರಲ್ಲಿ ಎಣ್ಣೆಕಾಳು ಮಿಷನ್ ಅಂತ ಶುರುವಾಗಿ, ತೊಂಬತ್ತರ ದಶಕದ ಮೊದಲಲ್ಲಿ ದೇಶ ಹೆಚ್ಚುಕಮ್ಮಿ ತನ್ನ ಎಣ್ಣೆ ತಾನೇ ಮಾಡಿಕೊಳ್ಳುತ್ತಿತ್ತು. 1994ರಲ್ಲಿ ಪಾಮೊಲಿನ್ ಆಮದಿಗೆ ಬಾಗಿಲು ತೆಗೆದರು. ಆಗ ಸುಂಕ 65%. 1998ರ ಹೊತ್ತಿಗೆ 15%. ಅಗ್ಗದ ಎಣ್ಣೆ ಬಂತು, ಜನ ಖುಷಿ ಪಟ್ಟರು. ನಮ್ಮ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಪ್ಪ ಕೆಲಸ ಮಾಡುತ್ತಿದ್ದದ್ದು ಈಗ ಕಲ್ಯಾಣ ಮಂಟಪ.

ಸೂರ್ಯಕಾಂತಿಯದ್ದೂ ಅದೇ ಪಾಡು. ಇಪ್ಪತ್ತು ವರ್ಷದ ಹಿಂದೆ ದೇಶದಲ್ಲಿ 20 ಲಕ್ಷ ಹೆಕ್ಟೇರ್ ಮೇಲಿತ್ತು, ಅದರಲ್ಲಿ ಕರ್ನಾಟಕದ್ದೇ ದೊಡ್ಡ ಪಾಲು. ಈಗ ಹತ್ತರಲ್ಲಿ ಒಂದು ಪಾಲು ಉಳಿದಿದ್ದರೆ ಹೆಚ್ಚು. ಅಂದು ನಾವೇ ಬೆಳೆಯುತ್ತಿದ್ದರೆ ಇಂದು ಅಕ್ಕ ಕಪ್ಪು ಸಮುದ್ರದ ಕಡೆ ಮುಖ ಮಾಡಿ ಕೂರಬೇಕಿರಲಿಲ್ಲ.

ಲೆಕ್ಕದ ಪುಸ್ತಕ
ಸುಂಕವೊಂದೇ ಕಾರಣ ಅನ್ನಲಾರೆ. ಸೂರ್ಯಕಾಂತಿ ಬಿಟ್ಟು ಮೆಕ್ಕೆಜೋಳಕ್ಕೆ ಹೋದವರು ಎಷ್ಟು ಜನ! ರೋಗ, ಗಿಳಿ ಕಾಟ, ಕಾಳು ಜೊಳ್ಳು. ದಾವಣಗೆರೆ ಸುತ್ತ ನೋಡಿದರೆ ಗೊತ್ತಾಗುತ್ತದೆ.

ಗಾಣದ ಮನೆ, ಚಳ್ಳಕೆರೆ
ಗಿಳಿ ಕಾಟ ಮೊದಲೂ ಇತ್ತು ಸ್ವಾಮಿ. ಬೆಲೆ ಇದ್ದರೆ ಗಿಳಿ ಓಡಿಸಲು ಆಳು ಇಡುತ್ತಿದ್ದರು.

ಮೇಷ್ಟ್ರು
ಇದು ಒಳ್ಳೇ ಮಾತು.

ಎಡಿಸನ್ ಭಾವ, ನ್ಯೂಜೆರ್ಸಿ
ನಮ್ಮ ಕಡೆಯ ಕಥೆಯನ್ನೂ ಹೇಳುತ್ತೇನೆ. 2025ರ ಆಗಸ್ಟ್ 7ಕ್ಕೆ ಭಾರತದ ಸಾಮಾನಿಗೆ 25% ಸುಂಕ, 27ಕ್ಕೆ ಇನ್ನೊಂದು 25. ಒಟ್ಟು 50%. ಟ್ರಂಪ್ ಹೇಳುವುದು ಇದನ್ನು ಬೇರೆ ದೇಶದವರು ಕಟ್ಟುತ್ತಾರೆ ಅಂತ. ಕಟ್ಟುವುದು ಇಲ್ಲಿ ಸಾಮಾನು ತರಿಸುವ ಆಮದುದಾರ. ಅವನು ಅಂಗಡಿಯವನ ಮೇಲೆ ಹಾಕುತ್ತಾನೆ, ಅಂಗಡಿಯವನು ನನ್ನ ಮೇಲೆ. ನಮ್ಮ ಇಂಡಿಯನ್ ಅಂಗಡಿಯಲ್ಲಿ ಸೋನಾ ಮಸೂರಿ ಮೂಟೆ ನೋಡಿ ನನ್ನವಳು "ಇನ್ನು ಮೇಲೆ ವಾರಕ್ಕೆರಡು ದಿನ ಚಪಾತಿ" ಅಂದುಬಿಟ್ಟಳು.

ಚಕ್ಕುಲಿ ಅಕ್ಕನಿಗೆ ಹತ್ತಿರದ ವಿಷಯ ಇನ್ನೊಂದಿದೆ. ಅಮ್ಮ ಪ್ರತಿ ವರ್ಷ ಗಣೇಶನ ಹಬ್ಬಕ್ಕೆ ಶಿವಮೊಗ್ಗದಿಂದ ಚಕ್ಕುಲಿ, ಸಾರಿನ ಪುಡಿ ಪಾರ್ಸೆಲ್ ಹಾಕುತ್ತಿದ್ದರು. ಮೊದಲು 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇಲ್ಲಿ ಸುಂಕ ಇರಲಿಲ್ಲ. ಆಗಸ್ಟ್ 29ಕ್ಕೆ ಆ ವಿನಾಯಿತಿ ಹೋಯಿತು. ಯಾರು ಸುಂಕ ವಸೂಲಿ ಮಾಡಬೇಕು ಅಂತಲೇ ಸ್ಪಷ್ಟ ಇಲ್ಲದೆ ಭಾರತದ ಅಂಚೆಯವರು ಅಮೆರಿಕಕ್ಕೆ ಪಾರ್ಸೆಲ್ ನಿಲ್ಲಿಸಿದರು. ಅಕ್ಟೋಬರ್ 15ಕ್ಕೆ ಮತ್ತೆ ಶುರುವಾಯಿತು. ಅಷ್ಟರಲ್ಲಿ ಅಮ್ಮನ ಚಕ್ಕುಲಿಯನ್ನು ಪಕ್ಕದ ಮನೆ ಮಕ್ಕಳು ತಿಂದು ಮುಗಿಸಿದ್ದರು.

ಚಕ್ಕುಲಿ ಅಕ್ಕ
ಅಯ್ಯೋ, ಅದು ನನಗೂ ತಟ್ಟಿತು. ಮಕ್ಕಳು ಅಲ್ಲಿದ್ದಾರೆ ಅಂತ ಎರಡು ಮೂರು ಕೆಜಿ ಕಟ್ಟಿಸಿಕೊಂಡು ಹೋಗುವ ಅಮ್ಮಂದಿರು ಹತ್ತು ಹನ್ನೆರಡು ಜನ ಇದ್ದರು. ಸೆಪ್ಟೆಂಬರ್‌ನಲ್ಲಿ ಒಬ್ಬರೂ ಬರಲಿಲ್ಲ. ನಾನು ನನ್ನ ಕೋಡುಬಳೆ ಖಾರ ಜಾಸ್ತಿ ಆಯಿತೇನೋ ಅಂದುಕೊಂಡಿದ್ದೆ!

ಸುಮ್ನೆ ನೋಡ್ತಿದ್ದೆ
ಟ್ರಂಪ್‌ಗೂ ದಾವಣಗೆರೆ ಕೋಡುಬಳೆಗೂ ಸಂಬಂಧ ಸಿಕ್ಕಿತು 😂

ಕಾಫಿ ಕಣ, ಮೂಡಿಗೆರೆ
ಭಾವ, ಕಾಫಿಪುಡಿ ಅಲ್ಲಿ ಎಷ್ಟಾಗಿದೆ? ನವೆಂಬರ್‌ನಲ್ಲಿ ಕಾಫಿ, ಟೀ, ಬಾಳೆಹಣ್ಣು, ಮಸಾಲೆ ಪದಾರ್ಥಗಳನ್ನೆಲ್ಲಾ ಆ ಸುಂಕದಿಂದ ಬಿಟ್ಟರಲ್ಲ.

ಎಡಿಸನ್ ಭಾವ, ನ್ಯೂಜೆರ್ಸಿ
ಬಿಟ್ಟರು. ಅಂಗಡಿಯಲ್ಲಿ ಕೇಳಿದೆ. "ಹಳೇ ಸ್ಟಾಕ್ ಇದೆ" ಅಂದ. ಕನ್ನಡದಲ್ಲಲ್ಲ, ಗುಜರಾತಿ ಧಾಟಿಯ ಇಂಗ್ಲಿಷ್‌ನಲ್ಲಿ.

ಮೇಷ್ಟ್ರು
ಪ್ರಪಂಚ ಸುತ್ತಿದರೂ ಅದೇ ಸ್ಟಾಕು.

ಕಾಫಿ ಕಣ, ಮೂಡಿಗೆರೆ
ನಾವು ಬೆಳೆಗಾರರು ಸ್ವಲ್ಪ ಸಂಕೋಚದಿಂದಲೇ ಹೇಳಬೇಕು, ರೂಪಾಯಿ ಬಿದ್ದರೆ ನಮಗೆ ಲಾಭ. ದೇಶದ ಕಾಫಿಯಲ್ಲಿ ಸುಮಾರು 70% ಕರ್ನಾಟಕದ್ದು, ಬಹುಪಾಲು ಹೊರಗೆ ಹೋಗುತ್ತದೆ. ರೊಬಸ್ಟಾ ಜಾತಿಗೆ ಲಂಡನ್ ರೇಟ್, ಅರೇಬಿಕಾ ಜಾತಿಗೆ ನ್ಯೂಯಾರ್ಕ್ ರೇಟ್. ಅದನ್ನು ಡಾಲರ್‌ನಿಂದ ರೂಪಾಯಿಗೆ ಬದಲಿಸಿ ನಮ್ಮೂರ ಟ್ರೇಡರ್ ಹೇಳುತ್ತಾನೆ. ಬ್ರೆಜಿಲ್‌ನಲ್ಲಿ ಬರ ಬಂದರೆ ನಮ್ಮ ಕಣದಲ್ಲಿ ಹಬ್ಬ. ಈ ವರ್ಷ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) 50 ಕೆಜಿ ಚೀಲ 20 ಸಾವಿರ ದಾಟಿ ಮೇಲೆ ಹೋಯಿತು. ನಮ್ಮ ಅಜ್ಜ ಇದ್ದಿದ್ದರೆ ನಂಬುತ್ತಿರಲಿಲ್ಲ.

ಆದರೆ ಗೊಬ್ಬರ? ಪೊಟ್ಯಾಷ್ ಪೂರ್ತಿ ಆಮದು. ಬಲಗೈಗೆ ಬಂದದ್ದರಲ್ಲಿ ಸ್ವಲ್ಪ ಎಡಗೈಯಿಂದ ಹೋಗುತ್ತದೆ.

ಬೈಟೂ ಕಾಫಿ, ಬೆಂಗಳೂರು
ನಿಮ್ಮ ಹಬ್ಬದ ಖರ್ಚು ನಾವು ಕೊಡುತ್ತಿದ್ದೇವೆ ಸಾರ್. ಪುಡಿ ಏರಿತು, ಏಪ್ರಿಲ್ 1ಕ್ಕೆ ಹಾಲು ಲೀಟರ್‌ಗೆ 4 ರೂಪಾಯಿ ಏರಿತು. ದರ್ಶಿನಿಯಲ್ಲಿ ಲೋಟ ಚಿಕ್ಕದಾಯಿತು, ರೇಟ್ ದೊಡ್ಡದಾಯಿತು.

ತಿಪಟೂರು ಕಾಯಿ
ಎಲ್ಲದಕ್ಕೂ ಡಾಲರ್ ಅನ್ನಬೇಡಿ ಮಾತ್ರ. ಈ ವರ್ಷ ನಮ್ಮಲ್ಲಿ ಕೊಬ್ಬರಿ ಕ್ವಿಂಟಾಲ್‌ಗೆ 25 ಸಾವಿರ ದಾಟಿತು. ಅದಕ್ಕೆ ಡಾಲರ್ ಏನೂ ಮಾಡಿಲ್ಲ. ಮರದಲ್ಲಿ ಕಾಯಿ ಇಲ್ಲ. ಬಿಳಿ ನೊಣ, ಕಾಂಡ ಸೋರುವ ರೋಗ, ಜೊತೆಗೆ ಎಳನೀರಿಗೇ ಒಳ್ಳೇ ರೇಟ್ ಇದ್ದುದರಿಂದ ಜನ ಕೆಡವಿ ಮಾರಿದರು. ಹಾಲು ಕೂಡ ಹಾಗೇ, ಅದು ಇಲ್ಲಿಯ ತೀರ್ಮಾನ.

ಐಟಿ ಹುಡುಗ
ಒಂದು ಪ್ರಶ್ನೆ. ಅಕ್ಟೋಬರ್ ಹಣದುಬ್ಬರ ಬರೀ 0.25% ಅಂತ ಸರ್ಕಾರವೇ ಹೇಳಿದೆ. ಈ ಲೆಕ್ಕ ಶುರುವಾದಾಗಿನಿಂದ ಅಷ್ಟು ಕಮ್ಮಿ ಬಂದೇ ಇಲ್ಲವಂತೆ. ಹಾಗಾದರೆ ಇಲ್ಲಿ ಎಲ್ಲರೂ ಯಾಕೆ ಗೋಳಾಡುತ್ತಿದ್ದೀರಿ?

ಚಕ್ಕುಲಿ ಅಕ್ಕ
ತಮ್ಮಾ, ಆ 0.25 ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳು, ಚೀಲ ಹಿಡಿದು ಹೊರಡುತ್ತೇನೆ.

ಲೆಕ್ಕದ ಪುಸ್ತಕ
ಅದು ಸುಳ್ಳಲ್ಲ, ಸರಾಸರಿ. ತರಕಾರಿ ಬೆಲೆ ಹಿಂದಿನ ಅಕ್ಟೋಬರ್‌ಗಿಂತ ಕಾಲು ಭಾಗಕ್ಕೂ ಹೆಚ್ಚು ಬಿದ್ದಿತ್ತು, ಬೇಳೆ ಬಿದ್ದಿತ್ತು, ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದಿತ್ತು. ಅದೇ ಪಟ್ಟಿಯ ಆಹಾರ ಪದಾರ್ಥಗಳಲ್ಲಿ ಎಣ್ಣೆ ಮತ್ತು ಕೊಬ್ಬಿನ ಗುಂಪು ಮಾತ್ರ ಎರಡಂಕಿಯಲ್ಲಿ ಏರಿದೆ. ಅಕ್ಕ ಕೊಳ್ಳುವುದೇ ಏರಿದ್ದನ್ನು. ತೊಗರಿ ಅಣ್ಣ ಮಾರುವುದೇ ಬಿದ್ದದ್ದನ್ನು. ಇಬ್ಬರಿಗೂ ಸರಾಸರಿ ಕಟ್ಟಿಕೊಂಡು ಏನೂ ಆಗಬೇಕಿಲ್ಲ.

ಐಟಿ ಹುಡುಗ
ಅರ್ಥ ಆಯಿತು. ಹಾಗಾದರೆ ರಿಸರ್ವ್ ಬ್ಯಾಂಕ್ ಡಾಲರ್‌ನ 80ಕ್ಕೆ ನಿಲ್ಲಿಸಬಹುದಲ್ವಾ? ಅವರ ಹತ್ತಿರ ರಾಶಿ ಡಾಲರ್ ಇದೆ.

ನಿವೃತ್ತ ಬ್ಯಾಂಕಿನವ
ನಿಲ್ಲಿಸಲು ಹೋದರೆ ರಾಶಿ ಕರಗುತ್ತದೆ. ಅವರು ಮಾಡುವುದು ಬೀಳುವ ವೇಗ ತಗ್ಗಿಸುವುದು, ಇಂಥದ್ದೇ ಅಂಕಿಗೆ ಕಟ್ಟುವುದಲ್ಲ. ಮೊದಲು ಕಟ್ಟಿಯೇ ಇಟ್ಟಿದ್ದರು. 1966ರ ಜೂನ್‌ನಲ್ಲಿ ಡಾಲರ್ 4.76ರಿಂದ ಒಂದೇ ಏಟಿಗೆ 7.50 ಆಯಿತು. 1991ರ ಜುಲೈ 1 ಮತ್ತು 3ರಂದು ಎರಡು ಸಲ ಇಳಿಸಿದರು. ನಾನಾಗ ಕೌಂಟರ್‌ನಲ್ಲಿದ್ದೆ. ಮಗನನ್ನು ಓದಲು ಹೊರಗೆ ಕಳಿಸಲು ಹೊರಟಿದ್ದ ಒಬ್ಬರು ಬಂದು ಹೊಸ ದರ ಕೇಳಿದರು. ಏನೂ ಮಾತಾಡದೆ ಫಾರಂ ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಈ ಸಲ ವಿದೇಶಿ ಹೂಡಿಕೆದಾರರು ಷೇರು ಮಾರಿ ಹೊರಟಿದ್ದಾರೆ. ಅಮೆರಿಕದ ಜೊತೆ ವ್ಯಾಪಾರ ಒಪ್ಪಂದ ಇವತ್ತು ನಾಳೆ ಅಂತ ತಿಂಗಳುಗಟ್ಟಲೆ ಎಳೆಯುತ್ತಿದೆ. ಅಕ್ಟೋಬರ್ ಒಂದೇ ತಿಂಗಳಲ್ಲಿ 14 ಬಿಲಿಯನ್ ಡಾಲರ್‌ಗೂ ಜಾಸ್ತಿ ಚಿನ್ನ ತರಿಸಿದ್ದೇವೆ. ಹತ್ತು ಗ್ರಾಂ ಬೆಲೆ ಲಕ್ಷ ದಾಟಿದ ಮೇಲೂ! ಅಷ್ಟು ಡಾಲರ್ ಹೊರಗೆ ಹೋದರೆ ರೂಪಾಯಿ ಎಲ್ಲಿ ನಿಲ್ಲುತ್ತದೆ?

ಬೈಟೂ ಕಾಫಿ, ಬೆಂಗಳೂರು
ಒಪ್ಪಂದ ಆದರೆ ಎಣ್ಣೆ ಅಗ್ಗ ಆಗುತ್ತದಾ?

ಬಂದರು ಮಂದಿ, ಮಂಗಳೂರು
ಅಮೆರಿಕದವರಿಗೆ ಸೋಯಾ, ಮೆಕ್ಕೆಜೋಳ, ಹಾಲಿನ ಪದಾರ್ಥ ಇಲ್ಲಿ ಮಾರಬೇಕು. ನಮ್ಮವರು ಹಾಲಿಗೆ ಒಪ್ಪುವುದಿಲ್ಲ. 2019ರ ನವೆಂಬರ್‌ನಲ್ಲಿ ಬ್ಯಾಂಕಾಕ್‌ಗೆ ಹೋಗಿ ಆರ್‌ಸಿಇಪಿಯಿಂದ (ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದ) ಎದ್ದು ಬಂದಾಗ ಮುಖ್ಯವಾಗಿ ಕೇಳಿಬಂದ ಆತಂಕವೂ ನ್ಯೂಜಿಲೆಂಡ್ ಹಾಲಿನದೇ. ಸೋಯಾ ಎಣ್ಣೆಗೆ ಸ್ವಲ್ಪ ರಿಯಾಯಿತಿ ಸಿಗಬಹುದು.

ಒಪ್ಪಂದದ ತಮಾಷೆ ನೋಡಬೇಕೆಂದರೆ ನೇಪಾಳ ನೋಡಿ. ಅವರಲ್ಲಿ ಸೋಯಾ ಹೆಚ್ಚು ಬೆಳೆಯುವುದೇ ಇಲ್ಲ. ಆದರೆ ಸಾರ್ಕ್ (ದಕ್ಷಿಣ ಏಷ್ಯಾ) ದೇಶಗಳ ವ್ಯಾಪಾರ ಒಪ್ಪಂದದಲ್ಲಿ ಅಲ್ಲಿಂದ ನಮಗೆ ಬರುವ ಎಣ್ಣೆಗೆ ಸುಂಕ ಇಲ್ಲ. ಹಾಗಾಗಿ ದಕ್ಷಿಣ ಅಮೆರಿಕದ ಕಚ್ಚಾ ಎಣ್ಣೆ ಕೋಲ್ಕತ್ತಾ ಬಂದರಿನಲ್ಲಿ ಇಳಿದು, ಲಾರಿಯಲ್ಲಿ ನೇಪಾಳಕ್ಕೆ ಹೋಗಿ, ರಿಫೈನ್ ಆಗಿ, ಮತ್ತೆ ಬಿಹಾರಕ್ಕೆ ಬರುತ್ತದೆ. ಸುಂಕ ಏರಿದ ಮೇಲೆ ಈ ಸವಾರಿ ಇನ್ನೂ ಜಾಸ್ತಿಯಾಯಿತು.

ಸುಮ್ನೆ ನೋಡ್ತಿದ್ದೆ
ನನಗಿಂತ ಎಣ್ಣೆಯೇ ಜಾಸ್ತಿ ಊರು ನೋಡಿದೆ.

ಅಡಿಕೆ ಚಪ್ಪರ, ಶಿರಸಿ
ಅಡಿಕೆಯವರನ್ನು ಯಾರೂ ಕೇಳಲಿಲ್ಲ. ನಮಗೆ ಕೆಜಿಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ ಇದೆ, 2023ರಲ್ಲಿ 251ರಿಂದ ಏರಿಸಿದ್ದು. ಆದರೂ ಭೂತಾನ್‌ನ 17 ಸಾವಿರ ಟನ್ ಹಸಿ ಅಡಿಕೆಗೆ ಆ ಬೇಲಿ ಇಲ್ಲ...

ಮೇಷ್ಟ್ರು
ಅಡಿಕೆಗೆ ಬೇರೆ ಪೋಸ್ಟ್ ಹಾಕಿ ಭಟ್ರೇ. ಇಲ್ಲಿ ಶುರುವಾದರೆ ಅಕ್ಕನ ಎಣ್ಣೆ ಕಾದು ಹೊಗೆ ಬರುತ್ತದೆ.

ಬಂದರು ಮಂದಿ, ಮಂಗಳೂರು
ಅಕ್ಕಾ, ಒಂದು ಕೇಳಬೇಕಿತ್ತು. ನಿಮ್ಮ ಟಿನ್ ಮೇಲೆ 15 ಲೀಟರ್ ಅಂತ ಇದೆಯೋ, 15 ಕೆಜಿ ಅಂತ ಇದೆಯೋ? ಲೀಟರ್ ಎಣ್ಣೆ 910 ಗ್ರಾಂ ತೂಗುತ್ತದೆ. 15 ಲೀಟರ್ ಟಿನ್‌ನಲ್ಲಿ 13.65 ಕೆಜಿ ಇರುತ್ತದೆ. ಪೌಚ್‌ಗಳಲ್ಲೂ ಅಷ್ಟೇ. ನೋಡಲು ಲೀಟರ್ ಪ್ಯಾಕೆಟ್ ಥರ, ತಿರುಗಿಸಿ ಓದಿದರೆ 850 ಗ್ರಾಂ, 870 ಗ್ರಾಂ. ಮೊದಲು ಇಷ್ಟೇ ಅಳತೆ ಇರಬೇಕು ಅಂತ ನಿಯಮ ಇತ್ತು, ಈಗ ಅದಿಲ್ಲ. ಟಿನ್ ರೇಟ್ ಕೇಳಬೇಡಿ, ಕೆಜಿ ರೇಟ್ ಕೇಳಿ.

ಚಕ್ಕುಲಿ ಅಕ್ಕ
ನೋಡಿದೆ, 15 ಲೀಟರ್. ಹನ್ನೊಂದು ವರ್ಷದಿಂದ 15 ಕೆಜಿ ಅಂತ ಲೆಕ್ಕ ಹಾಕುತ್ತಿದ್ದೆ! ಮನೆಯವರಿಗೆ ಹೇಳಬೇಡಿ.

ಕಿರಾಣಿ ಅಂಗಡಿ, ರಾಣೆಬೆನ್ನೂರು
ಇದನ್ನು ಅಂಗಡಿಯವರು ಹೇಳಬೇಕಿತ್ತು. ಇದರಲ್ಲಿ ನಮ್ಮ ತಪ್ಪು ಇದೆ, ಒಪ್ಪಿದೆ.

ಎಡಿಸನ್ ಭಾವ, ನ್ಯೂಜೆರ್ಸಿ
ಅಕ್ಕಾ, ಸಂಕ್ರಾಂತಿಗೆ ಎರಡು ಕೆಜಿ ಚಕ್ಕುಲಿ ಬೇಕು. ನನ್ನ ತಂಗಿ ಜನವರಿಯಲ್ಲಿ ಬರುತ್ತಾಳೆ, ಅವಳ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿ. ರೇಟ್ ರೂಪಾಯಲ್ಲೇ ಹೇಳಿ, ನಮಗೆ ಈಗ ಅದೇ ಲಾಭ.

ಚಕ್ಕುಲಿ ಅಕ್ಕ
ಆಯ್ತು ಭಾವ, ಕಟ್ಟಿಡುತ್ತೇನೆ.

ಈಗಷ್ಟೇ ಅಂಗಡಿಯವರ ಮೆಸೇಜ್ ಬಂತು. "ಅಕ್ಕಾ, ರೇಟ್ ಇಳಿದಿದೆ, ಟಿನ್ 2,150, ಎಷ್ಟು ಕಳಿಸಲಿ?" ಇಲ್ಲಿ ಓದಿದ್ದು ನೆನಪಾಗಿ ಟಿನ್ ಫೋಟೋ ಹಾಕಿ ಅಂದೆ. ಹಾಕಿದರು. ದೊಡ್ಡದು ಮಾಡಿ ನೋಡಿದೆ, 13 ಕೆಜಿ. ನನ್ನ ಹಳೇದು 2,250ಕ್ಕೆ 13.65. ಮೊಬೈಲ್‌ನಲ್ಲಿ ಭಾಗಿಸಿದೆ. ಹಳೇದು ಕೆಜಿಗೆ 164.84, ಹೊಸದು 165.38.